ಗುರಿಯ ಮೈದಾನದ ಶಿಸ್ತು

ಕನಕಪುರ ತಾಲ್ಲೂಕಿನ ಕೋಡಿಹಳ್ಳಿಯ ಕಡೆಗೆ ಹೋಗಿಬಂದವರಿಗೆ ಆ ಸೀಮೆಯ ಬಂಡೆಗಳ ನೆನಪು ಬಹುಕಾಲ ಉಳಿಯುತ್ತದೆ. ರಾಗಿಯ ಹೊಲ, ಹಿಪ್ಪುನೇರಳೆಯ ತೋಟ, ಅವುಗಳ ಬೆನ್ನಿಗೆ ಕುರುಚಲು ಕಾಡು, ಆ ಕಾಡಿನ ನಡುವೆ ಎದ್ದು ನಿಂತ ಬೋಳುಗಲ್ಲು. ಹಿಂದೊಮ್ಮೆ ಸುಗ್ಗಿಗೆ ಸ್ವಲ್ಪ ಮುಂಚೆ ನಮ್ಮ ವಿದ್ಯಾರ್ಥಿಗಳೊಡನೆ ಆ ಕಡೆಯ ಊರೊಂದಕ್ಕೆ ಹೋಗಿದ್ದೆವು. ನಾವು ಪಟ್ಟಣದ ಗುರಿಗಾರರ ಸಂಘವೊಂದರ ಸದಸ್ಯರೆಂಬುದು ಹೇಗೋ ಅಲ್ಲಿಯ ಹುಡುಗರಿಗೆ ತಿಳಿಯಿತು. ಅವರಲ್ಲೊಬ್ಬನು ದೊಡ್ಡದೊಂದು ಬಂಡೆಯನ್ನು ತೋರಿಸಿ, "ಸಾರ್, ಇದ್ಕಿಂತ ಒಳ್ಳೆ ಗ್ವಾಡೆ ನಿಮ್ಮ ಬೆಂಗ್ಳೂರಲ್ಲಿ ಸಿಕ್ತದಾ? ಇದರ ಮುಂದೆ ಒಂದು ಮಡ್ಕೆ ಇಟ್ಟು ಹೊಡುದ್ರೆ ಗುಂಡು ಇನ್ನೆಲ್ಲಿಗೆ ಹೋಗ್ತದೆ?" ಎಂದು ಕೇಳಿದನು.

ಪ್ರಶ್ನೆ ಬಹಳ ಒಳ್ಳೆಯದು. ಉತ್ತರ ಮಾತ್ರ ಅವನೆಣಿಸಿದ್ದಲ್ಲ. ಗುಂಡು ಹೊಡೆದವನ ಕಡೆಗೇ ಬರಬಹುದು. ಸೀಸದ ಗುಂಡು ಕಲ್ಲಿನಂತಹ ಗಟ್ಟಿ ಮೈಗೆ ಓರೆಯಾಗಿ ತಗುಲಿದರೆ ನಿಲ್ಲುವುದಿಲ್ಲ, ಜಾರಿ ಬೇರೊಂದು ದಿಕ್ಕಿಗೆ ಚಿಮ್ಮುತ್ತದೆ. ನೇರವಾಗಿ ತಗುಲಿದರೆ ಒಡೆದು ಚೂರುಚೂರಾಗಿ ಸಿಡಿಯುತ್ತದೆ. ನೀರಿನ ಮೇಲೂ ಇದೇ ಕಥೆ. ಕೆರೆಯ ದಡದಲ್ಲಿ ಬಿಲ್ಲೆಗಲ್ಲನ್ನು ನೀರಿನ ಮೇಲೆ ಕುಪ್ಪಳಿಸುವಂತೆ ಎಸೆದು ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಂಡನ್ನು ನುಂಗಿಕೊಳ್ಳಬಲ್ಲದ್ದು ಕಲ್ಲಲ್ಲ, ಮಣ್ಣು. ಕಲ್ಲುಹರಳನ್ನು ಆರಿಸಿ ತೆಗೆದ ಮಣ್ಣಿನ ದಿಬ್ಬವೇ ಗುರಿಯ ಮೈದಾನದ ಪ್ರಾಣ. ಮಿಕ್ಕದ್ದೆಲ್ಲ, ಚಪ್ಪರವಾಗಲಿ ಕುರ್ಚಿಯಾಗಲಿ ಗೋಡೆಗೆ ತೂಗುಹಾಕಿದ ಪದಕಗಳ ಪಟವಾಗಲಿ, ಆಮೇಲಿನ ಮಾತು. ಇದಲ್ಲದೆ ಆ ಬಂಡೆಯ ಆಚೆಗಿನ ಸೀಮೆಯಲ್ಲಿ ೧೯೮೭ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿ ಧಾಮವುಂಟು. ಧಾಮದೊಳಕ್ಕೆ ಅನುಮತಿಯಿಲ್ಲದೆ ಆಯುಧದೊಡನೆ ಕಾಲಿಡುವುದನ್ನೇ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಹುಡುಗನು ಬಂಡೆಯ ಕಡೆಗೊಮ್ಮೆ ನಮ್ಮ ಕಡೆಗೊಮ್ಮೆ ನೋಡಿ ನಕ್ಕುಬಿಟ್ಟನು.

ಈಚೆಗೆ ಪಟ್ಟಣಗಳಲ್ಲಿ ಗುರಿಹೊಡೆಯುವುದನ್ನು ಕಲಿಯುವ ಮಕ್ಕಳ ಸಂಖ್ಯೆ ಹೆಚ್ಚುತ್ತಿದೆ. ೨೦೦೮ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಅವರು ಗಾಳಿಕೋವಿಯಲ್ಲಿ ಚಿನ್ನ ಗೆದ್ದರು. ೨೦೧೪ರಲ್ಲಿ ಗ್ಲಾಸ್ಗೋವಿನಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು ಗಾಳಿಪಿಸ್ತೂಲಿನಲ್ಲಿ ಬೆಳ್ಳಿ ಪಡೆದರು. ಇವನ್ನೆಲ್ಲ ಕಂಡು ತಂದೆತಾಯಿಗಳು ನಮ್ಮನ್ನು ಕೇಳುವುದುಂಟು: ಇದು ಅಪಾಯದ ಆಟವಲ್ಲವೆ? ಸಾಧನವು ಅಪಾಯದ್ದು, ಆಟವು ಅಷ್ಟಾಗಿ ಅಲ್ಲ ಎಂಬುದು ನಮ್ಮ ಉತ್ತರ. ಆ ಅಂತರವನ್ನು ಉಂಟುಮಾಡುವುದು ಕೆಲವು ನಿಯಮಗಳು. ನಿಯಮಗಳು ಬಾಯಿಪಾಠಕ್ಕೆ ಸುಲಭ. ಅವು ಯಾರನ್ನು ಕುರಿತು ಮಾಡಿದವು ಎಂಬುದನ್ನು ಅರಿಯುವುದು ಕಷ್ಟ.

ಹತ್ತು ಮೀಟರಿನ ಗಾಳಿಕೋವಿಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು. ಸೀಸದಕಡ್ಡಿಯ ಮೊನೆಯಿಂದ ಒತ್ತಿದ ಗುರುತಿನಷ್ಟು. ಅದನ್ನು ಹೊಡೆಯುವ ಗುಂಡಿನ ಅಡ್ಡಳತೆ ನಾಲ್ಕೂವರೆ ಮಿಲಿಮೀಟರು. ಇದು ಕಣ್ಣನ್ನು ಕಳೆಯಬಲ್ಲದು. ಐವತ್ತು ಮೀಟರಿನ ಆಟದಲ್ಲಿ ಬಳಸುವ ಪಾಯಿಂಟ್ ಟೂ ಟೂ ತೋಟಾ ನೋಟಕ್ಕೆ ಕಿರುಬೆರಳಿಗಿಂತ ಸಣ್ಣದು. ಆದರೆ ಅದರ ಪೆಟ್ಟಿಗೆಯ ಮೇಲೆ ಒಂದೂವರೆ ಮೈಲಿಯವರೆಗೂ ಅಪಾಯವುಂಟೆಂದು ಅಚ್ಚುಹಾಕಿರುವುದನ್ನು ಕಾಣಬಹುದು. ಗುರಿಯಿರುವುದು ಐವತ್ತು ಮೀಟರಿನಲ್ಲಿ, ಗುಂಡಿಗೆ ಬಲವಿರುವುದು ಸಾವಿರ ಮೀಟರಿಗೂ ಮೀರಿ. ಇವೆರಡರ ನಡುವೆ ನಿಂತಿರುವುದು ಆ ಮಣ್ಣಿನ ದಿಬ್ಬವೊಂದೇ.

ಎಲ್ಲ ದೇಶಗಳ ಗುರಿಗಾರರೂ ಒಪ್ಪಿದ ಮೂಲನಿಯಮಗಳು ಮೂರು ನಾಲ್ಕು. ಪ್ರತಿಯೊಂದು ಕೋವಿಯನ್ನೂ ತುಂಬಿದ ಕೋವಿಯೆಂದೇ ಭಾವಿಸತಕ್ಕದ್ದು. ಹೊಡೆಯಬಾರದುದರ ಕಡೆಗೆ ನಳಿಗೆಯ ಬಾಯಿಯನ್ನು ಎಂದೂ ತಿರುಗಿಸಬಾರದು. ಗುರಿಯ ಮೇಲೆ ಕಣ್ಣು ನಿಲ್ಲುವವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿ ಯಾವುದು, ಗುರಿಯ ಹಿಂದೆ ಏನಿದೆ ಎಂಬುದು ತಿಳಿದಿರಬೇಕು. ಇವುಗಳಲ್ಲಿ ಯಾವುದನ್ನಾದರೂ ಒಂದನ್ನು ಮರೆತರೆ ಸಾಮಾನ್ಯವಾಗಿ ಅನಾಹುತವಾಗುವುದಿಲ್ಲ. ಎರಡನ್ನು ಒಟ್ಟಿಗೆ ಮರೆತಾಗ ಆಗುತ್ತದೆ. ಬೆರಳು ತಪ್ಪಿದರೂ ನಳಿಗೆಯು ದಿಬ್ಬದ ಕಡೆಗಿದ್ದರೆ ಮಣ್ಣಿಗೆ ಒಂದು ತೂತು, ಅಷ್ಟೆ. ಬಾವಿಯ ಹಗ್ಗದ ಹುರಿಗಳಂತೆ ಒಂದು ಸವೆದಾಗ ಇನ್ನೊಂದು ಹಿಡಿದುಕೊಂಡಿರಲೆಂದೇ ಇವುಗಳನ್ನು ಹೀಗೆ ಹೆಣೆದಿದ್ದಾರೆ.

ಬೆರಳಿನ ವಿಷಯದಲ್ಲಿ ಒಂದು ಮಾತು. ಎಡವಿ ಬೀಳುವಾಗ ಅಥವಾ ಬೆಚ್ಚಿದಾಗ ಮನುಷ್ಯನ ಒಂದು ಕೈ ಬಿಗಿದರೆ ಇನ್ನೊಂದು ಕೈಯೂ ತಾನಾಗಿ ಬಿಗಿಯುತ್ತದೆ. ಬುದ್ಧಿಗೆ ಸುದ್ದಿ ಮುಟ್ಟುವುದರೊಳಗೆ ಇದು ನಡೆದುಹೋಗುತ್ತದೆ. "ನಾನು ಎಚ್ಚರವಾಗಿಯೇ ಇದ್ದೆ" ಎಂದು ಆಮೇಲೆ ಹೇಳುವವನು ಸುಳ್ಳು ಹೇಳುತ್ತಿಲ್ಲ. ಅವನ ಎಚ್ಚರಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ.

ಇನ್ನು 'ಖಾಲಿ ಕೋವಿ'. ಕೋವಿಯ ಅವಘಡಗಳಾದಾಗ ಮತ್ತೆ ಮತ್ತೆ ಕಿವಿಗೆ ಬೀಳುವ ಮಾತೆಂದರೆ "ಖಾಲಿಯೆಂದುಕೊಂಡಿದ್ದೆ" ಎಂಬುದು. ಇದರ ಕಾರಣವನ್ನು ನಾವು ಬಹುದಿನ ಯೋಚಿಸಿದ್ದೇವೆ. ದಿನವೂ ಮಾಡುವ ಕೆಲಸದ ನೆನಪು ದಿನದಿನಕ್ಕೆ ಬೇರೆಯಾಗಿ ಉಳಿಯುವುದಿಲ್ಲ. ಮನೆಗೆ ಬೀಗ ಹಾಕಿದೆವೋ ಇಲ್ಲವೋ ಎಂದು ಅರ್ಧ ದಾರಿಯಿಂದ ಹಿಂತಿರುಗಿದವರಿಗೆ ಈ ತೊಡಕು ಗೊತ್ತು. ನಿನ್ನೆ ಹಾಕಿದ ಬೀಗದ ನೆನಪು ಇಂದಿನದೆಂದು ತೋರುತ್ತದೆ. ಹತ್ತು ವರ್ಷ ಪ್ರತಿವಾರವೂ ತಪ್ಪದೆ ಕೋವಿಯನ್ನು ಬರಿದು ಮಾಡಿದವನಿಗೆ, ಇಂದೂ ಮಾಡಿದ್ದೇನೆಂಬ ನಂಬಿಕೆ ಹೊಸಬನಿಗಿಂತ ಗಟ್ಟಿಯಾಗಿರುತ್ತದೆ. ಆದುದರಿಂದ ಈ ನಿಯಮವನ್ನು ಅರಿಯದವರಿಗಾಗಿ ಮಾಡಿದ್ದಲ್ಲ, ಅರಿತವರಿಗಾಗಿ ಮಾಡಿದ್ದು ಎಂದು ನಮ್ಮ ಅಭಿಪ್ರಾಯ. ನೆನಪನ್ನು ನಂಬದೆ ಕಣ್ಣನ್ನೂ ಬೆರಳನ್ನೂ ನಂಬುವ ಪದ್ಧತಿಯಿದು. ಬೋಲ್ಟನ್ನು ತೆರೆದು ಒಳಗೆ ನೋಡಬೇಕು, ನೋಡಿದ ಮೇಲೆ ಬಣ್ಣದ ಸುರಕ್ಷಾ ಬಾವುಟವನ್ನು ಅಲ್ಲಿ ಸಿಕ್ಕಿಸಬೇಕು. ಬಾವುಟ ಕಾಣುವವರೆಗೆ ಆ ಕೋವಿ ತುಂಬಿದ್ದೇ.

ಕೋಡಿಹಳ್ಳಿಯ ಕಡೆಯ ಆ ಊರಿನಲ್ಲಿ ಹಂದಿಯ ಕಾಟಕ್ಕೆಂದು ಲೈಸೆನ್ಸು ಪಡೆದು ಕೇಪಿನ ಕೋವಿಯನ್ನಿಟ್ಟುಕೊಂಡ ಹಿರಿಯ ಬೇಸಾಯಗಾರರೊಬ್ಬರನ್ನು ಕಂಡೆವು. ಬೆಳೆಯ ಕಾವಲಿಗಾಗಿ ಇಂತಹ ಕೋವಿಯನ್ನಿಡುವ ಪ್ರಸ್ತಾಪ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿಯೇ ಉಂಟು. ಬಾಯಿಂದ ಮದ್ದು ಗುಂಡುಗಳನ್ನು ಗಿಡಿಯುವ ಈ ಕೋವಿಗೆ ತೆರೆದು ನೋಡಲು ಬೋಲ್ಟಿಲ್ಲ. ತುಂಬಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆಂದು ಕೇಳಿದೆವು. ಅವರು ಗಿಡಿಯುವ ಸಲಾಕಿಯನ್ನು ನಳಿಗೆಯೊಳಗೆ ಇಳಿಬಿಟ್ಟರು. ಅದರ ಮೇಲೊಂದು ಗೀರು ಇತ್ತು. "ಗೀರು ನಳಿಗೆ ಬಾಯಿಗೆ ಬಂದ್ರೆ ಬರಿದು ಬುದ್ಧಿ, ನಾಕು ಬೆಳ್ಳು ಮೇಲೆ ನಿಂತ್ರೆ ಒಳಗೆ ಐತೆ. ನಮ್ಮಪ್ಪ ಗೀರಿದ್ದು" ಎಂದರು. ಕೇಪನ್ನು ಹೊಲದ ಅಟ್ಟಣೆಯ ಮೇಲೆ ಕುಳಿತ ಮೇಲಲ್ಲದೆ ಇಡುವುದಿಲ್ಲವೆಂದೂ ಹೇಳಿದರು. ಒಲಿಂಪಿಕ್ ಮೈದಾನದ ಬಾವುಟಕ್ಕೂ ಆ ಗೀರಿಗೂ ಉದ್ದೇಶ ಒಂದೇ.

ಮೈದಾನದ ನಡವಳಿಕೆಯೆಲ್ಲ ಒಂದು ಗೆರೆಯ ಸುತ್ತ ನಡೆಯುವುದು. ಅದು ಹೊಡೆಯುವವರು ನಿಲ್ಲುವ ಗೆರೆ. ಮೈದಾನದ ಅಧಿಕಾರಿಯು ತುಂಬಿರಿ ಎಂದ ಮೇಲೆ ತುಂಬಬೇಕು, ಆರಂಭಿಸಿ ಎಂದ ಮೇಲೆ ಹೊಡೆಯಬೇಕು, ನಿಲ್ಲಿಸಿ ಎಂದೊಡನೆ ನಿಲ್ಲಿಸಬೇಕು. ಟ್ರಿಗರನ್ನು ಅರ್ಧ ಎಳೆದಿದ್ದರೂ ಬಿಟ್ಟುಬಿಡಬೇಕು. ಗುರಿಯ ಕಾಗದವನ್ನು ಬದಲಾಯಿಸಲು ಯಾರಾದರೂ ಮುಂದೆ ಹೋಗಿರುವಾಗ ಗೆರೆಯ ಮೇಲಿನ ಕೋವಿಯನ್ನು ಮುಟ್ಟಲೇಬಾರದು. ಒರೆಸಲಿಕ್ಕಾಗಲಿ ಸರಿಪಡಿಸಲಿಕ್ಕಾಗಲಿ ಸ್ನೇಹಿತನಿಗೆ ತೋರಿಸಲಿಕ್ಕಾಗಲಿ ಕೂಡದು. ಟ್ರಿಗರನ್ನೆಳೆದರೂ ತೋಟಾ ಸಿಡಿಯದಿದ್ದರೆ ಕೂಡಲೆ ಬೋಲ್ಟನ್ನು ತೆರೆಯುವುದು ತಪ್ಪು. ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ನಳಿಗೆಯನ್ನು ದಿಬ್ಬಕ್ಕೆ ನೆಟ್ಟು ಅರ್ಧ ನಿಮಿಷವಾದರೂ ಕಾಯಬೇಕು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಸೀಸವು ಕೈಗೆ ಅಂಟುವುದರಿಂದ ಕೈತೊಳೆಯದೆ ಕಾಫಿತಿಂಡಿ ಇಲ್ಲ. ಮೊಬೈಲನ್ನು ಕುರಿತು ಹೇಳುವುದೇ ಬೇಡ.

'ನಿಲ್ಲಿಸಿ' ಎಂಬ ಆಜ್ಞೆಯಲ್ಲಿ ಒಂದು ವಿಶೇಷವುಂಟು. ಇತರ ಆಜ್ಞೆಗಳನ್ನು ಕೊಡಲು ಅಧಿಕಾರಿಗೆ ಮಾತ್ರ ಹಕ್ಕು. ಇದನ್ನು ಕೂಗಲು ಅಪಾಯವನ್ನು ಕಂಡ ಯಾರಿಗಾದರೂ ಹಕ್ಕು. ನೀರು ಕೊಡಲು ಬಂದ ಹುಡುಗನು ಕೂಗಿದರೂ ಎಲ್ಲರೂ ನಿಲ್ಲಿಸಬೇಕು, ಆಮೇಲೆ ವಿಚಾರಿಸಬೇಕು. ನಮ್ಮ ಜನಕ್ಕೆ ಅತ್ಯಂತ ಕಷ್ಟವಾದ ನಿಯಮ ಇದೇ. ಇದನ್ನು ನಾವು ಅನುಭವದಿಂದ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವಿದ್ದ ಸಂಘದಲ್ಲಿ ಒಂದು ಭಾನುವಾರ ಬೆಳಿಗ್ಗೆ ನಾಲ್ವರು ಗುರಿಯ ಬಳಿಗೆ ಹೋಗಿದ್ದರು. ನಮ್ಮೆಲ್ಲರಿಗೂ ಗುರುಸಮಾನರಾದ ಹಿರಿಯ ಸದಸ್ಯರೊಬ್ಬರು ಗೆರೆಯ ಮೇಲಿದ್ದ ತಮ್ಮ ರೈಫಲನ್ನು ಎತ್ತಿ, ನೋಟದ ಕೀಲು ಸಡಿಲವಾಗಿದೆಯೇ ಎಂದು ಪರೀಕ್ಷಿಸತೊಡಗಿದರು. ಪಕ್ಕದಲ್ಲಿ ಹದಿನೇಳರ ಹುಡುಗನೊಬ್ಬ ನಿಂತಿದ್ದ. ಸೇರಿ ಎರಡು ತಿಂಗಳಾಗಿತ್ತು. ಅವನು ನೋಡಿದ. ನಾವೂ ನೋಡಿದೆವು. ಅವನು ನಮ್ಮ ಮುಖ ನೋಡಿದ, ನಾವು ಬೇರೆ ಕಡೆಗೆ ನೋಡಿದೆವು. ಕೋವಿಯನ್ನು ಕೆಳಗಿಡುವಾಗ ಅದು ಸಿಡಿದು, ಗುಂಡು ಮೂರು ಹೆಜ್ಜೆ ಮುಂದೆ ನೆಲಕ್ಕೆ ಹೊಕ್ಕಿತು. ಯಾರಿಗೂ ಏನೂ ಆಗಲಿಲ್ಲ. ಮುಂದೆ ಹೋಗಿದ್ದ ನಾಲ್ವರಲ್ಲಿ ಒಬ್ಬರು ಅಲ್ಲಿಯೇ ಕುಕ್ಕರಿಸಿ ಬಹಳ ಹೊತ್ತು ಏಳಲಿಲ್ಲ.

ವಿಚಾರಣೆಯಲ್ಲಿ ಹುಡುಗನನ್ನು ಏಕೆ ಕೂಗಲಿಲ್ಲವೆಂದು ಕೇಳಿದರು. "ದೊಡ್ಡವರಿಗೆ ನಾನು ಹೇಗೆ ಹೇಳುವುದು ಸಾರ್" ಎಂದ. ಹಿರಿಯರಿಗೆ ಮೂರು ತಿಂಗಳ ಬಹಿಷ್ಕಾರವಾಯಿತು. ಅವರು ಅದನ್ನು ಮರುಮಾತಿಲ್ಲದೆ ಒಪ್ಪಿದರು. ನಮ್ಮ ಮೌನಕ್ಕೆ ಯಾವ ಶಿಕ್ಷೆಯೂ ಆಗಲಿಲ್ಲ. ಅದು ಸರಿಯಲ್ಲವೆಂದು ಅಂದಿನಿಂದಲೂ ನಮಗೆ ತೋರುತ್ತಿದೆ. ಹುಡುಗನಿಗೆ ಸಂಕೋಚವಿತ್ತು. ನಮಗಿದ್ದದ್ದು ದಾಕ್ಷಿಣ್ಯ. ಅಧಿಕಾರಿಗೆ ಹಿರಿಯರನ್ನು ಗದರಿಸುವ ಹಕ್ಕುಂಟು, ನಾವೇಕೆ ಕೆಟ್ಟವರಾಗಬೇಕು ಎಂಬ ಲೆಕ್ಕಾಚಾರವೂ ಇತ್ತೆಂದು ಒಪ್ಪಿಕೊಳ್ಳುತ್ತೇವೆ. ಮೂರು ತಿಂಗಳ ಮೇಲೆ ಹಿಂತಿರುಗಿದ ಹಿರಿಯರು ಮೊದಲ ದಿನವೇ ಆ ಹುಡುಗನನ್ನು ಕರೆದು, "ಬಾರಪ್ಪ, ಖಾಲಿಯಿದೆಯೋ ನೋಡಿ ಹೇಳು" ಎಂದು ಬೋಲ್ಟನ್ನು ತೆರೆದು ಹಿಡಿದರು. ಅಂದಿನಿಂದ ಪ್ರತಿದಿನ ಅಭ್ಯಾಸಕ್ಕೆ ಮೊದಲು, ಆ ದಿನ ಬಂದವರಲ್ಲಿ ಅತ್ಯಂತ ಹೊಸಬರು ಗಟ್ಟಿಯಾಗಿ ಒಮ್ಮೆ 'ನಿಲ್ಲಿಸಿ' ಎಂದು ಕೂಗುವ ಪದ್ಧತಿ ಅಲ್ಲಿ ಬಂದಿತು. ಮೊದಮೊದಲು ಎಲ್ಲರೂ ನಗುತ್ತಿದ್ದರು. ಬಾಯಿಗೆ ಅಭ್ಯಾಸವಿಲ್ಲದ ಮಾತು ಸಮಯಕ್ಕೆ ಹೊರಡುವುದಿಲ್ಲವೆಂಬುದನ್ನು ಅಧ್ಯಾಪಕವೃತ್ತಿಯ ನಾವು ಮೊದಲೇ ಅರಿತಿರಬೇಕಾಗಿತ್ತು.

ಕೋವಿಯೊಡನೆ ಬಾಳಿದ ಜನ ನಮ್ಮ ನಾಡಿನಲ್ಲಿಯೇ ಇದ್ದಾರೆ. ಕೊಡಗಿನಲ್ಲಿ ಲೈಸೆನ್ಸಿನಿಂದ ವಿನಾಯಿತಿಯಿರುವುದು ಬ್ರಿಟಿಷರ ಕಾಲದಿಂದ ಬಂದದ್ದು. ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿದರು. ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂವನ್ನು ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಸುತ್ತಾರೆ. ಅಲ್ಲಿ ಗುಂಡಿನ ಸದ್ದಿಗೂ ಒಂದು ಭಾಷೆಯುಂಟು: ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಮದುವೆಯ ಮೆರವಣಿಗೆಯಲ್ಲಿ ಉತ್ಸಾಹಕ್ಕೆಂದು ಆಕಾಶಕ್ಕೆ ಗುಂಡು ಹಾರಿಸುವ ಕೆಲವು ಪ್ರಾಂತಗಳ ಚಾಳಿ ಬೇರೆಯ ಜಾತಿಯದು. ಮೇಲೆ ಹೋದ ಗುಂಡು ಯಾರದೋ ತಲೆಯ ಮೇಲೆ ಇಳಿಯಲೇಬೇಕು. ೨೦೧೯ರ ತಿದ್ದುಪಡಿಯು ಪರರ ಪ್ರಾಣಕ್ಕೆ ಅಪಾಯ ತರುವ ಇಂತಹ ಸಂಭ್ರಮದ ಗುಂಡಿಗೆ ಎರಡು ವರ್ಷದವರೆಗಿನ ಸೆರೆವಾಸವನ್ನೋ ಒಂದು ಲಕ್ಷ ರೂಪಾಯಿಯವರೆಗಿನ ದಂಡವನ್ನೋ ಎರಡನ್ನೂ ಕೂಡಿಯೋ ವಿಧಿಸಬಹುದೆಂದು ಹೇಳಿದೆ.

ಮಗನನ್ನೋ ಮಗಳನ್ನೋ ಸೇರಿಸಬೇಕೆಂದಿರುವ ಶ್ರೋತೃಗಳು ಹಣ ಕಟ್ಟುವುದಕ್ಕೆ ಮೊದಲು ಆ ಮೈದಾನದಲ್ಲಿ ಒಂದು ಗಂಟೆ ಕುಳಿತು ನೋಡಬೇಕು. ಗೋಡೆಯ ಮೇಲಿನ ಪದಕಗಳನ್ನಲ್ಲ. 'ನಿಲ್ಲಿಸಿ' ಎಂದ ಮೇಲೆ ಕೊನೆಯ ಕೈ ಕೋವಿಯನ್ನು ಬಿಡುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂಬುದನ್ನು. ಹೆಸರುವಾಸಿಯಾದ ಸದಸ್ಯರು ಬಾವುಟ ಸಿಕ್ಕಿಸುತ್ತಾರೋ, ಅದು ಮಕ್ಕಳಿಗೆ ಮಾತ್ರವೋ ಎಂಬುದನ್ನು. ನೀವು ಕುಳಿತ ಕುರ್ಚಿ ಗೆರೆಗೆ ಒಂದು ಅಡಿ ಹತ್ತಿರವಾಯಿತೆಂದು ಯಾರೋ ಅಪರಿಚಿತ ಹುಡುಗಿ ಬಂದು, ಮರ್ಯಾದೆಯ ಮಾತಿಗೆ ಕಾಯದೆ, ಹಿಂದಕ್ಕೆ ಹೋಗಿ ಎಂದು ನಿಮ್ಮನ್ನು ಎಬ್ಬಿಸಿದರೆ, ಅಲ್ಲಿಯೇ ಸೇರಿಸಬಹುದು.