ಮೋಟಾರು ಸೈಕಲ್ಲಿನ ಕವಾಟದ ಸಂದು

ಶ್ರೀರಂಗಪಟ್ಟಣದಿಂದ ಪಾಂಡವಪುರದ ಮಾರ್ಗವಾಗಿ ನಾಗಮಂಗಲಕ್ಕೆ ಹೋಗುವ ರಸ್ತೆಯಲ್ಲಿ, ಜಕ್ಕನಹಳ್ಳಿಯ ಬಳಿ, ಮೇಲುಕೋಟೆಯ ಏರುದಾರಿ ಕವಲೊಡೆಯುತ್ತದೆಂಬುದನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲರು. ಹಳೆಯ ಬುಲೆಟ್ ಮೋಟಾರು ಸೈಕಲ್ಲಿನ ದೇಹಸ್ಥಿತಿಯನ್ನು ಪರೀಕ್ಷಿಸುವುದಕ್ಕೆ ಆ ಏರು ಬಹಳ ಒಳ್ಳೆಯ ಸ್ಥಳ. ಗದ್ದೆಬಯಲಿನಲ್ಲಿ ಸಲೀಸಾಗಿ ಓಡಿದ ಗಾಡಿಯು ಏರಿನ ನಡುವೆ ಸೊರಗುವುದೂ, ಒಮ್ಮೆ ನಿಲ್ಲಿಸಿದರೆ ಬಿಸಿ ಆರುವ ತನಕ ಮತ್ತೆ ಹೊರಡಲೊಲ್ಲದೆ ಹೋಗುವುದೂ ಉಂಟು. ಇಂಥ ಸಮಯದಲ್ಲಿ ಕಾರ್ಬ್ಯುರೇಟರನ್ನೂ ಪ್ಲಗ್ಗನ್ನೂ ಶಂಕಿಸುವುದು ಸವಾರರ ವಾಡಿಕೆ. ಆದರೆ ದೋಷವು ಅನೇಕ ವೇಳೆ ಕವಾಟದ ಸಂದಿನಲ್ಲಿ ಅಡಗಿರುತ್ತದೆ.

ಸಿಲಿಂಡರಿನ ನೆತ್ತಿಯಲ್ಲಿ ಎರಡು ಕವಾಟಗಳಿವೆ. ಒಂದು, ಪೆಟ್ರೋಲು ಬೆರೆತ ಗಾಳಿಯನ್ನು ಒಳಕ್ಕೆ ಬಿಡತಕ್ಕದ್ದು. ಇನ್ನೊಂದು, ಉರಿದ ಅನಿಲಕ್ಕೆ ಹೊರದಾರಿ ಕೊಡತಕ್ಕದ್ದು. ಕೆಳಗೆ ತಿರುಗುವ ಕ್ಯಾಮು ಟ್ಯಾಪೆಟ್ಟನ್ನು ಎತ್ತುತ್ತದೆ. ಟ್ಯಾಪೆಟ್ಟು ಉದ್ದನೆಯ ಪುಷ್ ರಾಡನ್ನು ಎತ್ತುತ್ತದೆ. ಆ ರಾಡು, ಏತದ ಮರದಂತೆ ಆಡುವ ರಾಕರಿನ ಒಂದು ತುದಿಯನ್ನು ಎತ್ತಲು, ಇನ್ನೊಂದು ತುದಿಯು ಕವಾಟವನ್ನು ಒತ್ತಿ ತೆರೆಯುತ್ತದೆ. (ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೯೬ರವರೆಗೆ ತಯಾರಿಸಿದ ಜಾವಾ, ಯೆಜ್ದಿಗಳಲ್ಲಿ ಇಂಥ ಕವಾಟಗಳೇ ಇಲ್ಲ. ಅವುಗಳ ಟಕಟಕ ಶಬ್ದಕ್ಕೆ ಟ್ಯಾಪೆಟ್ಟನ್ನು ದೂರುವುದು ಪಾಪವೇ ಸರಿ!)

ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸುವುದನ್ನು ನಮ್ಮ ಹಳ್ಳಿಗಳಲ್ಲಿ ಕಂಡವರಿಗೆ, ಲೋಹವು ಬಿಸಿಯಲ್ಲಿ ಹಿಗ್ಗುತ್ತದೆಂದು ಬೇರೆ ಹೇಳಬೇಕಾದುದಿಲ್ಲ. ಒಂದು ಅಡಿ ಉದ್ದದ ಕಬ್ಬಿಣದ ಸಲಾಕೆಯು ನೂರು ಡಿಗ್ರಿ ಸೆಂಟಿಗ್ರೇಡು ಹೆಚ್ಚು ಕಾದರೆ ಮಿಲಿಮೀಟರಿನ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು ಬೆಳೆಯುವುದು. ಅಲ್ಯುಮಿನಿಯಮ್ ಅದರ ಇಮ್ಮಡಿಯಷ್ಟು. ಎಂಜಿನು ಕಾದಾಗ ಸಿಲಿಂಡರು ಬೆಳೆದು ರಾಕರನ್ನು ಮೇಲಕ್ಕೆ ಒಯ್ಯುತ್ತದೆ, ಸಂದು ಹಿಗ್ಗುತ್ತದೆ. ಕವಾಟದ ಕಾಂಡವೂ ರಾಡೂ ಬೆಳೆದು ಅದನ್ನು ಕುಗ್ಗಿಸುತ್ತವೆ. ಮದರಾಸಿನಲ್ಲಿ ೧೯೫೫ರಿಂದ ತಯಾರಾಗುತ್ತ ಬಂದ, ಎರಕದ ಕಬ್ಬಿಣದ ಸಿಲಿಂಡರಿನ ೩೪೬ ಸಿ.ಸಿ. ಬುಲೆಟ್ಟಿನಲ್ಲಿ ಈ ಲೆಕ್ಕವೆಲ್ಲ ಕೂಡಿ ಕಳೆದು, ತಣ್ಣಗಿರುವಾಗ ಸಂದು ಸೊನ್ನೆ ಎಂದು ಗೊತ್ತುಮಾಡಿದ್ದಾರೆ. ಸೊನ್ನೆಯೆಂದರೆ ಬಿಗಿಯೆಂದಲ್ಲ. ರಾಡು ಬೆರಳಿಗೆ ಸರಾಗವಾಗಿ ತಿರುಗಬೇಕು, ಮೇಲೆಕೆಳಗೆ ಅಲುಗಬಾರದು.

ಸಂದು ಹೆಚ್ಚಾದರೆ ಎಂಜಿನು ಟಕಟಕನೆ ಕೂಗಿಕೊಳ್ಳುತ್ತದೆ. ಸವಾರನಿಗೆ ಕಿರಿಕಿರಿ, ಶಕ್ತಿ ಸ್ವಲ್ಪ ಕುಂದೀತು, ಬಿಡಿಭಾಗ ಮೆಲ್ಲನೆ ಸವೆದೀತು. ಇದನ್ನು ಸಹಿಸದೆ “ಸದ್ದು ಅಡಗಿಸಿಕೊಡಿ” ಎಂದು ಕೇಳುವವರೂ, ತಿರುಪನ್ನು ಬಿಗಿದು ಅಡಗಿಸಿಕೊಡುವವರೂ ಹೇರಳ. ನಿಜವಾದ ಹಾನಿ ಆಗ ಮೊದಲಾಗುತ್ತದೆ. ಸಂದಿಲ್ಲದ ಕವಾಟವು ತನ್ನ ಪೀಠದ ಮೇಲೆ ಪೂರ್ತಿ ಕೂರದು. ಹೊರಗವಾಟವು ತನ್ನ ಉಷ್ಣದ ಹೆಚ್ಚಿನ ಪಾಲನ್ನು ಆ ಪೀಠಕ್ಕೆ ಒಪ್ಪಿಸಿಯೇ ಬದುಕಬೇಕಾದುದರಿಂದ, ಪೀಠ ತಪ್ಪಿದ ಕವಾಟದ ಅಂಚು, ಸಿಡಿದು ನುಗ್ಗುವ ಉರಿಗೆ ಸುಟ್ಟುಹೋಗುತ್ತದೆ. ಇಷ್ಟಾಗುವಾಗ ಕಿವಿಗೆ ಏನೂ ಕೇಳಿಸದು! ಪೀಠ ಸವೆದು ಕವಾಟ ಒಳಗಿಳಿದಂತೆಲ್ಲ ಸಂದು ತಾನಾಗಿಯೇ ಕಿರಿದಾಗುವುದೂ ಉಂಟು. ನಮ್ಮ ದೇಶದಲ್ಲಿ ೨೦೦೦ದಲ್ಲಿ ನಿಂತುಹೋದ ಸೀಸದ ಪೆಟ್ರೋಲು ಹಳೆಯ ಪೀಠಗಳಿಗೆ ಒಂದು ಬಗೆಯ ಮೆತ್ತೆಯಾಗಿತ್ತು. ಬಹಳ ಹಳೆಯ ಗಾಡಿ ಇಟ್ಟುಕೊಂಡವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಬಿಗಿಯಾದ ಕವಾಟದ ಲಕ್ಷಣಗಳು ಇವು: ತಣ್ಣಗಿದ್ದಾಗ ಸುಲಭವಾಗಿ ಹೊರಡುವ ಎಂಜಿನು ಕಾದ ಮೇಲೆ ತಡವರಿಸುವುದು, ಕಿಕ್ಕರು ಪಾದಕ್ಕೆ ಎದುರೊತ್ತದೆ ಮೆತ್ತಗೆ ಇಳಿದುಬಿಡುವುದು, ಒಳಗವಾಟ ಸೋರುತ್ತಿದ್ದರೆ ಕಾರ್ಬ್ಯುರೇಟರಿನ ಕಡೆಗೆ ಸೀನುವುದು.

ಸರಿಪಡಿಸುವ ಕ್ರಮ ಕಷ್ಟವಾದುದಲ್ಲ, ಆದರೆ ಅವಸರ ಕೂಡದು. ಕೃಷ್ಣರಾಜಪೇಟೆಯಿಂದ ಸವಾರಿಮಾಡಿ ಬಂದವರು, ಬಂದೊಡನೆ ಸ್ಪಾನರು ಹಿಡಿಯದೆ, ಗಾಡಿಯನ್ನು ರಾತ್ರಿಯೆಲ್ಲ ಆರಲು ಬಿಡಬೇಕು. ಬೆಳಗ್ಗೆ, ಮೊದಲು ಡಿಕಂಪ್ರೆಸರಿನ ತಂತಿಯನ್ನು ನೋಡಬೇಕು. ಅದು ಬಿಗಿಯಾಗಿದ್ದರೆ ಹೊರಗವಾಟವನ್ನು ತಾನೇ ಎತ್ತಿಹಿಡಿದಿರುತ್ತದೆ. ಟ್ಯಾಪೆಟ್ಟನ್ನು ಎಷ್ಟು ತಿರುಗಿಸಿದರೂ ಫಲವಿಲ್ಲ. ಅನಂತರ ಪ್ಲಗ್ಗನ್ನು ಕಳಚಿ, ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟಾಪ್ ಗೇರಿಗೆ ಹಾಕಿ, ಹಿಂಚಕ್ರವನ್ನು ಮುಂದಕ್ಕೆ ಮೆಲ್ಲನೆ ತಿರುಗಿಸತಕ್ಕದ್ದು. ಪ್ಲಗ್ಗಿನ ರಂಧ್ರದ ಮೇಲಿಟ್ಟ ಹೆಬ್ಬೆರಳನ್ನು ಗಾಳಿಯು ಒತ್ತಿ ತಳ್ಳುವುದು ಅನುಭವಕ್ಕೆ ಬರುವುದು. ಪಿಸ್ಟನ್ನು ನೆತ್ತಿ ಮುಟ್ಟಿದೊಡನೆ ನಿಲ್ಲಿಸಬೇಕು. ಹೆಬ್ಬೆರಳ ಸಾಕ್ಷಿ ಏತಕ್ಕೆಂದರೆ, ನಾಲ್ಕು ಹೊಡೆತಗಳಲ್ಲಿ ಪಿಸ್ಟನ್ನು ಎರಡು ಸಲ ನೆತ್ತಿಗೆ ಬರುತ್ತದೆ, ಹೊಗೆ ಹೊರಬಿದ್ದು ಮುಗಿಯುವ ಇನ್ನೊಂದು ಸಲದಲ್ಲಿ ಎರಡು ಕವಾಟಗಳೂ ತುಸು ತೆರೆದಿರುತ್ತವೆ. ಆ ಗಳಿಗೆಯಲ್ಲಿ ಹೊಂದಿಸಿದ ಸಂದು ಪೂರಾ ಸುಳ್ಳು.

ಈಗ ಎಂಜಿನಿನ ಪಕ್ಕದ ಟ್ಯಾಪೆಟ್ ಮುಚ್ಚಳ ತೆಗೆದು ಎರಡು ರಾಡುಗಳನ್ನೂ ಬೆರಳಿನಿಂದ ತಿರುಗಿಸಿ ನೋಡಿ. ಬೇಕಾದಲ್ಲಿ ಲಾಕ್ ನಟ್ಟನ್ನು ಸಡಿಲಿಸಿ ಹೊಂದಿಸಿರಿ. ನಟ್ಟನ್ನು ಮತ್ತೆ ಬಿಗಿಯುವಾಗ ಹೊಂದಿಕೆ ಕದಲುವುದರಿಂದ, ಬಿಗಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಲೇಬೇಕು. ಚಕ್ರ ತಿರುಗಿಸಿ, ಪಿಸ್ಟನ್ನನ್ನು ಪುನಃ ಅದೇ ಸ್ಥಾನಕ್ಕೆ ತಂದಾಗ ಅದೇ ರಾಡು ಬೇರೆ ಬಗೆಯಾಗಿ ತಿರುಗಿದರೆ, ರಾಡು ಬಾಗಿದೆಯೋ ಅದರ ತುದಿ ಸಡಿಲವಾಗಿದೆಯೋ ಎಂದು ಹುಡುಕಬೇಕು.

ಹೊಂದಿಸಿದ ಮೇಲೂ ಕಿಕ್ಕರು ಮೆತ್ತಗೇ ಇಳಿದರೆ ಅಂಚು ಆಗಲೇ ಸುಟ್ಟಿರಬಹುದು. ಹೆಡ್ಡನ್ನು ಬಿಚ್ಚಿ ಕವಾಟವನ್ನೂ ಪೀಠವನ್ನೂ ಕಣ್ಣಾರೆ ನೋಡದೆ ಗತ್ಯಂತರವಿಲ್ಲ. ಸರಿಯಾಗಿ ಹೊಂದಿಸಿದ ಎಂಜಿನು ಕಾದ ಮೇಲೆ ಸಣ್ಣಗೆ ಟಿಕಟಿಕ ಎನ್ನುತ್ತಿದ್ದರೆ, ಅದನ್ನು ಹಾಗೆಯೇ ಬಿಡಿ.