ಸಣ್ಣ ಕಾರಿಗೆ ಹೊಸ ಚಕ್ರ: ಅಗಲ ಮತ್ತು ಆಫ್‌ಸೆಟ್‌ನ ಲೆಕ್ಕಾಚಾರ

ಸಣ್ಣ ಕಾರುಗಳ ಮೂಲ ಉಕ್ಕಿನ ಚಕ್ರಗಳನ್ನು ತೆಗೆದು ಅಲಾಯ್ ಚಕ್ರಗಳನ್ನು ಹಾಕಿಸುವುದು ಇಂದು ಸಾಮಾನ್ಯ ಸಂಗತಿಯಾಗಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರಗಳ ಟಯರು ಅಂಗಡಿಗಳವರೆಗೆ ಈ ವ್ಯಾಪಾರ ಹಬ್ಬಿದೆ. ಆದರೆ ಕೊಳ್ಳುವವರೂ ಮಾರುವವರೂ ಸಾಮಾನ್ಯವಾಗಿ ಗಮನಿಸುವುದು ಚಕ್ರದ ವಿನ್ಯಾಸ, ವ್ಯಾಸ ಮತ್ತು ಬೆಲೆಯನ್ನು ಮಾತ್ರ. ಚಕ್ರವು ಕಾರಿಗೆ ಹೊಂದುವುದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವ ಅಗಲ ಮತ್ತು ಆಫ್‌ಸೆಟ್ ಎಂಬ ಎರಡು ಅಳತೆಗಳನ್ನು ಕೇಳುವವರು ವಿರಳ. ಟಯರು ಕೂರಿಸಿ ಓಡಿಸಿದ ಚಕ್ರವನ್ನು ಹೊಸ ಸರಕಿನ ಬೆಲೆಗೆ ಮತ್ತೆ ಮಾರಲಾಗುವುದಿಲ್ಲ. ಆದ್ದರಿಂದ ಈ ಅಲಕ್ಷ್ಯದ ನಷ್ಟ ಗ್ರಾಹಕನಿಗೋ ಅಂಗಡಿಗೋ ತಟ್ಟಿಯೇ ತೀರುತ್ತದೆ. ಐದು ನಿಮಿಷದ ಲೆಕ್ಕದಿಂದ ಇದನ್ನು ತಪ್ಪಿಸಬಹುದು.

ಅಳತೆಗಳ ಅರ್ಥ

ಚಕ್ರದ ಅಗಲವನ್ನು ಇಂಚುಗಳಲ್ಲಿ ಹೇಳಲಾಗುತ್ತದೆ. ‘15×6 ಜೆ’ ಎಂದಿದ್ದರೆ ವ್ಯಾಸ 15 ಇಂಚು, ಅಗಲ 6 ಇಂಚು. ‘ಜೆ’ ಎಂಬುದು ರಿಮ್ಮಿನ ಅಂಚಿನ ಆಕಾರದ ಸಂಕೇತ. ಈ ಅಗಲವನ್ನು ಟಯರು ಕೂರುವ ಜಾಗದಲ್ಲಿ, ಅಂಚುಗಳ ಒಳಮುಖದಿಂದ ಅಳೆಯಲಾಗುತ್ತದೆ. ಹೊರ ಅಂಚಿನಿಂದ ಹೊರ ಅಂಚಿಗೆ ಪಟ್ಟಿ ಹಿಡಿದರೆ ಸುಮಾರು ಒಂದು ಇಂಚು ಹೆಚ್ಚಾಗಿ ಕಾಣುತ್ತದೆ. ಅಂಗಡಿಗಳಲ್ಲಿ ಆಗುವ ಮೊದಲ ತಪ್ಪು ಇದೇ.

ರಿಮ್ಮಿನ ಅಗಲದ ಮಧ್ಯರೇಖೆಗೂ, ಚಕ್ರವು ಹಬ್‌ಗೆ ತಾಗಿ ಕೂರುವ ಮುಖಕ್ಕೂ ಇರುವ ಅಂತರವೇ ಆಫ್‌ಸೆಟ್. ಇದನ್ನು ಮಿಲಿಮೀಟರುಗಳಲ್ಲಿ ‘ಇಟಿ 40’ ಎಂಬಂತೆ ಸಾಮಾನ್ಯವಾಗಿ ಚಕ್ರದ ಹಿಂಬದಿಯಲ್ಲಿ ಅಚ್ಚೊತ್ತಿರುತ್ತಾರೆ. ಕೂರುವ ಮುಖವು ಮಧ್ಯರೇಖೆಗಿಂತ ಹೊರಗಡೆ, ಅಂದರೆ ರಸ್ತೆಯ ಕಡೆಗೆ ಇದ್ದರೆ ಆಫ್‌ಸೆಟ್ ಧನಾತ್ಮಕ. ಮುಂಚಕ್ರ ಚಾಲನೆಯ ಸಣ್ಣ ಕಾರುಗಳಲ್ಲಿ ಇದು ಧನಾತ್ಮಕವಾಗಿಯೇ ಇರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಚಕ್ರ ಒಳಕ್ಕೆ ಸರಿಯುತ್ತದೆ. ಕಡಿಮೆಯಾದಷ್ಟೂ ಹೊರಕ್ಕೆ ಚಾಚುತ್ತದೆ.

ಲೆಕ್ಕ ಮಾಡುವ ಕ್ರಮ

ಅಗಲವನ್ನು 25.4ರಿಂದ ಗುಣಿಸಿ ಮಿಲಿಮೀಟರಿಗೆ ಪರಿವರ್ತಿಸಿ, ಅದರ ಅರ್ಧವನ್ನು ತೆಗೆದುಕೊಳ್ಳಬೇಕು. ಆ ಅರ್ಧಕ್ಕೆ ಆಫ್‌ಸೆಟ್ ಕೂಡಿಸಿದರೆ ಹಬ್ಬಿನಿಂದ ಒಳಕ್ಕೆ ಚಾಚಿರುವ ಭಾಗ ದೊರೆಯುತ್ತದೆ. ಅದೇ ಅರ್ಧದಿಂದ ಆಫ್‌ಸೆಟ್ ಕಳೆದರೆ ಹೊರಕ್ಕೆ ಚಾಚಿರುವ ಭಾಗ ದೊರೆಯುತ್ತದೆ. ಹಳೆಯ ಮತ್ತು ಹೊಸ ಚಕ್ರಗಳಿಗೆ ಪ್ರತ್ಯೇಕವಾಗಿ ಈ ಲೆಕ್ಕ ಮಾಡಿ ವ್ಯತ್ಯಾಸ ನೋಡಬೇಕು. ಇದು ಜಮಾ ಖರ್ಚಿನಂತೆಯೇ. ಆಫ್‌ಸೆಟ್ ಬದಲಿಸಿ ಒಂದು ಬದಿಯಲ್ಲಿ ಉಳಿಸಿದ್ದು ಮತ್ತೊಂದು ಬದಿಯಲ್ಲಿ ಖರ್ಚು ಬೀಳುತ್ತದೆ.

ಉದಾಹರಣೆಗೆ, ಕಾರಿನ ಮೂಲ ಚಕ್ರ 5.5 ಇಂಚು ಅಗಲ, ಆಫ್‌ಸೆಟ್ 40 ಎಂದಿಟ್ಟುಕೊಳ್ಳೋಣ. ಅಗಲ 139.7 ಮಿ.ಮೀ., ಅರ್ಧ 69.85. ಒಳಭಾಗ 109.85, ಹೊರಭಾಗ 29.85. ಈ ಕಾರಿನಲ್ಲಿ ರಿಮ್ಮಿನ ಒಳ ಅಂಚಿಗೂ ಸ್ಟ್ರಟ್‌ಗೂ ನಡುವೆ 15 ಮಿ.ಮೀ., ಹೊರ ಅಂಚಿಗೂ ಫೆಂಡರಿನ ನೇರಕ್ಕೂ ನಡುವೆ 20 ಮಿ.ಮೀ. ತೆರಪಿದೆ ಎಂದು ಅಳೆದು ತಿಳಿದಿದೆ ಎನ್ನೋಣ. ಗ್ರಾಹಕನು 6.5 ಇಂಚಿನ ಚಕ್ರ ಬಯಸಿದರೆ ಪರಿಣಾಮ ಹೀಗಿರುತ್ತದೆ:

1. ಆಫ್‌ಸೆಟ್ 45: ಒಳಕ್ಕೆ 17.7 ಮಿ.ಮೀ., ಹೊರಕ್ಕೆ 7.7 ಮಿ.ಮೀ. ಹೆಚ್ಚುತ್ತದೆ. ಚಕ್ರ ಸ್ಟ್ರಟ್‌ಗೆ ತಾಗುತ್ತದೆ.

2. ಆಫ್‌ಸೆಟ್ 40: ಎರಡೂ ಬದಿಗೆ 12.7 ಮಿ.ಮೀ. ಹೆಚ್ಚುತ್ತದೆ. ಒಳಗಡೆ ಉಳಿಯುವ 2.3 ಮಿ.ಮೀ. ತೆರಪು ಓಡುವ ವಾಹನಕ್ಕೆ ಸಾಲದು.

3. ಆಫ್‌ಸೆಟ್ 35: ಒಳಕ್ಕೆ 7.7 ಮಿ.ಮೀ., ಹೊರಕ್ಕೆ 17.7 ಮಿ.ಮೀ. ಹೆಚ್ಚುತ್ತದೆ. ಹೊರಗಡೆ 2.3 ಮಿ.ಮೀ. ಮಾತ್ರ ಉಳಿಯುವುದರಿಂದ, ಐದು ಜನ ಕುಳಿತು ಹಳ್ಳಕ್ಕೆ ಇಳಿದಾಗ ಟಯರು ಫೆಂಡರಿಗೆ ಉಜ್ಜುವ ಸಂಭವವಿದೆ.

ಅದೇ ಕಾರಿಗೆ 6 ಇಂಚಿನ, 38 ಆಫ್‌ಸೆಟ್‌ನ ಚಕ್ರವನ್ನು ಆರಿಸಿದರೆ ಒಳಕ್ಕೆ 4.35, ಹೊರಕ್ಕೆ 8.35 ಮಿ.ಮೀ. ಮಾತ್ರ ಹೆಚ್ಚುತ್ತದೆ. ಎರಡೂ ಕಡೆ 10 ಮಿ.ಮೀ.ಗಿಂತ ಹೆಚ್ಚು ತೆರಪು ಉಳಿಯುತ್ತದೆ. ಅರ್ಧ ಇಂಚಿನ ಆಸೆ ಬಿಟ್ಟದ್ದರಿಂದ ಸಮಸ್ಯೆಯೇ ಇಲ್ಲವಾಯಿತು.

ತೆರಪನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಲ್ಲಿ ಪ್ರತ್ಯೇಕವಾಗಿ ಅಳೆಯಬೇಕು. ಮುಂದಿನ ಚಕ್ರಗಳನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡುವುದು ಅವಶ್ಯ. ಆಫ್‌ಸೆಟ್ ತೀರಾ ಕಡಿಮೆಯಾದರೆ ಹಬ್ಬಿನ ಬೇರಿಂಗ್ ಮೇಲೆ ಭಾರದ ಸನ್ನೆ ಹೆಚ್ಚುತ್ತದೆ, ಗುಂಡಿಗಳಲ್ಲಿ ಸ್ಟೇರಿಂಗ್ ಎಳೆಯತೊಡಗುತ್ತದೆ. 5 ಮಿ.ಮೀ. ಸ್ಪೇಸರ್ ಹಾಕುವುದೆಂದರೆ ಆಫ್‌ಸೆಟ್ಟನ್ನು 40ರಿಂದ 35ಕ್ಕೆ ಇಳಿಸಿದಂತೆಯೇ. ಜೊತೆಗೆ ನಟ್ಟು ಹಿಡಿಯುವ ಎಳೆಗಳೂ ಅಷ್ಟು ಕಡಿಮೆಯಾಗುತ್ತವೆ. ಆದ್ದರಿಂದ ಸ್ಪೇಸರ್ ತಪ್ಪು ಆಯ್ಕೆಗೆ ಪರಿಹಾರವಲ್ಲ.

ಟಯರಿನ ಹೊಂದಾಣಿಕೆ

ಮೇಲಿನದು ರಿಮ್ಮಿನ ಲೆಕ್ಕ. ಟಯರಿನ ಪಕ್ಕಗಳು ರಿಮ್ಮಿಗಿಂತ ಉಬ್ಬಿರುವುದರಿಂದ, ಟಯರಿನ ಗಾತ್ರ ಬದಲಾದರೆ ಅದರ ತೆರಪನ್ನೂ ಬೇರೆಯಾಗಿ ನೋಡಬೇಕು. ಪ್ರತಿಯೊಂದು ಟಯರಿಗೂ ಅನುಮತಿಸಿದ ರಿಮ್ ಅಗಲದ ಮಿತಿಯಿದೆ. 185/65 ಆರ್15 ಟಯರಿಗೆ 5ರಿಂದ 6.5 ಇಂಚು, 195/60 ಆರ್15ಕ್ಕೆ 5.5ರಿಂದ 7 ಇಂಚು. ಮಿತಿ ಮೀರಿದ ರಿಮ್ಮಿನಲ್ಲಿ ಟಯರು ಸರಿಯಾಗಿ ಕೂರದೆ ಅಸಮವಾಗಿ ಸವೆಯುತ್ತದೆ.

ಟಯರಿನ ಒಟ್ಟು ವ್ಯಾಸವೂ ಮೂಲದ ಹತ್ತಿರವೇ ಇರಬೇಕು. 185/65 ಆರ್15ರ ವ್ಯಾಸ 621.5 ಮಿ.ಮೀ. 195/55 ಆರ್16ರದು 620.9, ವ್ಯತ್ಯಾಸ ನಗಣ್ಯ. 205/65 ಆರ್15 ಹಾಕಿದರೆ ಅದು 647.5ಕ್ಕೆ ಏರಿ, ಶೇ. 4ಕ್ಕಿಂತ ಹೆಚ್ಚಾಗುತ್ತದೆ. ಆಗ ಸ್ಪೀಡೋಮೀಟರು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವ ಸಾಧ್ಯತೆಯಿದೆ.

ಮರೆಯಬಾರದ ಇತರ ಅಳತೆಗಳು

ಬೋಲ್ಟುಗಳ ವೃತ್ತದ ಅಳತೆ, ಅಂದರೆ ಪಿಸಿಡಿ, ನಿಖರವಾಗಿ ಹೊಂದಬೇಕು. ಮಾರುತಿ ಸ್ವಿಫ್ಟ್‌ಗೆ ಇದು 4×100. ಫಿಯೆಟ್ ಪುಂಟೊಗೆ 4×98. ಫೋರ್ಡ್ ಫಿಗೊಗೆ 4×108. 98 ಮತ್ತು 100ರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣದು. ಬಲವಂತವಾಗಿ ಬಿಗಿದರೆ ಕೂತಂತೆ ತೋರುತ್ತದೆ, ಆದರೆ ನಟ್ಟುಗಳು ಸಡಿಲವಾಗಿ ಚಕ್ರವೇ ಕಳಚುವ ಅಪಾಯವಿದೆ. ನಡುವಿನ ರಂಧ್ರ, ಅಂದರೆ ಸೆಂಟರ್ ಬೋರ್, ಸ್ವಿಫ್ಟ್‌ನಲ್ಲಿ 54.1 ಮಿ.ಮೀ. ಹೊಸ ಚಕ್ರದ ರಂಧ್ರ ದೊಡ್ಡದಿದ್ದರೆ ಸರಿಯಾದ ಅಳತೆಯ ಉಂಗುರ ಹಾಕಬೇಕು. ಇಲ್ಲವಾದರೆ ವೇಗದಲ್ಲಿ ಕಂಪನ ಉಂಟಾಗಬಹುದು. ನಟ್ಟಿನ ಮೂತಿಯ ಆಕಾರ ಹಾಗೂ ಚಕ್ರದ ಮೇಲೆ ನಮೂದಿಸಿದ ಭಾರ ಸಾಮರ್ಥ್ಯವನ್ನೂ ಪರಿಶೀಲಿಸುವುದು ಕ್ಷೇಮ.

ಕಾನೂನು, ವಿಮೆ ಮತ್ತು ದಾಸ್ತಾನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಹೇಳಿದೆ. ಆದಕಾರಣ ಅದೇ ಮಾದರಿಯ ಮೇಲ್ದರ್ಜೆಯ ಆವೃತ್ತಿಗೆ ತಯಾರಕರೇ ಕೊಟ್ಟಿರುವ ಚಕ್ರ ಮತ್ತು ಟಯರಿನ ಅಳತೆಯನ್ನು ಅನುಸರಿಸುವುದೇ ಸುರಕ್ಷಿತ ಮಾರ್ಗ. ಬದಲಿಸಿದ ಚಕ್ರಗಳ ವಿವರ ಮತ್ತು ಮೌಲ್ಯವನ್ನು ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸದಿದ್ದರೆ ಪರಿಹಾರದ ವೇಳೆ ತಕರಾರು ಏಳಬಹುದು.

ಮಾರಾಟಗಾರರು ಗಮನಿಸಬೇಕಾದ ಮತ್ತೊಂದು ಅಂಶವಿದೆ. 2020ರ ಜುಲೈನಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಉತ್ಪನ್ನ ಹೊಣೆಗಾರಿಕೆಯನ್ನು ಮಾರಾಟಗಾರನಿಗೂ ವಿಸ್ತರಿಸಿದೆ. ತಯಾರಕನು ನೀಡದ ಭರವಸೆಯನ್ನು ಅಂಗಡಿಯವನು ತಾನೇ ನೀಡಿದ್ದು, ಅದು ಸುಳ್ಳಾಗಿ ಹಾನಿಯಾದರೆ, ಅಥವಾ ಜೋಡಣೆಯಲ್ಲಿ ಯೋಗ್ಯ ಎಚ್ಚರ ವಹಿಸದಿದ್ದರೆ ಹೊಣೆ ಅವನ ಮೇಲೆ ಬರಬಹುದು. ‘ಈ ಗಾಡಿಗೆ ಧಾರಾಳವಾಗಿ ಕೂರುತ್ತದೆ’ ಎಂಬ ಮಾತನ್ನು ಲೆಕ್ಕ ನೋಡಿಯೇ ಆಡಬೇಕು.

ಒಮ್ಮೆ ಬಳಸಿ ಹಿಂದಿರುಗಿದ ಚಕ್ರಗಳು ವರ್ಷಾಂತ್ಯದ ದಾಸ್ತಾನಿನಲ್ಲಿ ಕೊಂಡ ಬೆಲೆಗೇ ಉಳಿಯಬಾರದು. ಕೊಂಡ ಬೆಲೆ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಅವುಗಳನ್ನು ತೋರಿಸಬೇಕು. ಮಾರಾಟದ ದಿನ ಗೋಚರಿಸದ ನಷ್ಟ ಹೀಗೆ ಕೊನೆಗೆ ಲಾಭ ನಷ್ಟದ ಪಟ್ಟಿಗೆ ಬಂದು ಸೇರುತ್ತದೆ.

ಆದ್ದರಿಂದ ಕಾರಿನ ಮಾದರಿ ಮತ್ತು ವರ್ಷ, ಹಳೆಯ ಹಾಗೂ ಹೊಸ ಚಕ್ರದ ಅಗಲ, ಆಫ್‌ಸೆಟ್, ಪಿಸಿಡಿ, ಸೆಂಟರ್ ಬೋರ್ ಮತ್ತು ಟಯರಿನ ಗಾತ್ರವನ್ನು ಬಿಲ್ಲಿನಲ್ಲೇ ನಮೂದಿಸುವ ಪದ್ಧತಿಯನ್ನು ಅಂಗಡಿಗಳು ರೂಢಿಸಿಕೊಳ್ಳುವುದು ಒಳಿತು. ಟಯರು ಏರಿಸುವ ಮುನ್ನ ಬರಿಯ ಚಕ್ರವನ್ನು ಹಬ್ಬಿಗೆ ಕೂರಿಸಿ, ಕೈಯಿಂದ ತಿರುಗಿಸಿ ನೋಡಬೇಕು. ಆ ಹಂತದಲ್ಲಿ ಕಂಡ ತಪ್ಪನ್ನು ಚಕ್ರ ಬದಲಿಸಿ ಸರಿಪಡಿಸಬಹುದು; ಹೆದ್ದಾರಿಯಲ್ಲಿ ಕಂಡ ತಪ್ಪಿಗೆ ಆ ಅವಕಾಶವಿರುವುದಿಲ್ಲ.