ಕಾರು ಪ್ರಿಯರ ಮಾತು, ಕೊಳ್ಳುವವರ ಲೆಕ್ಕ

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಂತಹ ಊರಿನಲ್ಲಿ ಕಾರು ಕೊಳ್ಳಲು ಹೊರಟವನು ತಂಬಾಕು ಬೆಳೆಗಾರನಾಗಿರಲಿ, ವರ್ತಕನಾಗಿರಲಿ, ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ. ಎಷ್ಟು ಜನ ಕೂರಬಹುದು? ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ? ಕೆಟ್ಟರೆ ಹುಣಸೂರಿನಲ್ಲೇ ರಿಪೇರಿಯಾದೀತೇ? ಮರುಮಾರಾಟದಲ್ಲಿ ಎಷ್ಟು ಬಂದೀತು? ಕಾರು ಪ್ರಿಯರೆನಿಸಿಕೊಂಡವರ ನೋಟವೇ ಬೇರೆ. ಅವರು ಮೈಕಟ್ಟಿನ ಅಂದ, ಡ್ಯಾಶ್‌ಬೋರ್ಡಿನ ವಿನ್ಯಾಸ, ತಿರುವಿನಲ್ಲಿ ವಾಹನದ ಹಿಡಿತ, ಜಾಹೀರಾತಿನ ಸತ್ಯಾಸತ್ಯತೆಗಳನ್ನು ಅಳೆಯುತ್ತಾರೆ. ಇವರಲ್ಲಿ ಯಾರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಸರಕು ತಯಾರಿಸುವ ಪ್ರತಿಯೊಬ್ಬರನ್ನೂ ಕಾಡುವ ಸಮಸ್ಯೆ.

ಬಿಡದಿಯ ಟೊಯೋಟ ಕಿರ್ಲೋಸ್ಕರ್ ಕಾರ್ಖಾನೆಯ ಮೊದಲ ವಾಹನವಾದ ಕ್ವಾಲಿಸ್ ಇದಕ್ಕೆ ಉತ್ತಮ ನಿದರ್ಶನ. 2000ದ ಜನವರಿಯಲ್ಲಿ ಅದು ಮಾರುಕಟ್ಟೆಗೆ ಬಂದಾಗ ಕಾರು ಪ್ರಿಯರು ಮೂಗು ಮುರಿದರು. ಪೆಟ್ಟಿಗೆಯಂತಹ ಆಕಾರ, ಹಳೆಯ ಕಾಲದ ಒಳಾಂಗಣ ಎಂಬುದು ಅವರ ಟೀಕೆ. ಟೀಕೆ ಸುಳ್ಳೇನೂ ಆಗಿರಲಿಲ್ಲ. ಕ್ವಾಲಿಸ್ ಇಂಡೋನೇಷ್ಯಾದ ಕಿಜಾಂಗ್ ವಾಹನದ ಹಿಂದಿನ ಪೀಳಿಗೆಯ ರೂಪವಾಗಿದ್ದು, ಆ ದೇಶದಲ್ಲಿ ಅದರ ಜಾಗಕ್ಕೆ ಹೊಸ ಪೀಳಿಗೆಯ ವಾಹನ ಆಗಲೇ ಬಂದಿತ್ತು. ಆದರೆ ಇಲ್ಲಿ ಕೊಂಡವರ ಲೆಕ್ಕ ಬೇರೆಯಿತ್ತು. ಎಂಟು-ಹತ್ತು ಜನ ಕೂರಬಹುದಾಗಿದ್ದ, ಲಕ್ಷಗಟ್ಟಲೆ ಕಿಲೋಮೀಟರ್ ಓಡಿದರೂ ತಂಟೆ ಕೊಡದ ಡೀಸೆಲ್ ವಾಹನ ಅವರಿಗೆ ಬೇಕಾಗಿತ್ತು. ಕೂಡು ಕುಟುಂಬಗಳೂ ಟ್ಯಾಕ್ಸಿ ಮಾಲೀಕರೂ ಅದನ್ನು ಮೆಚ್ಚಿದರು. ಬೆಂಗಳೂರಿನ ಕಾಲ್ ಸೆಂಟರ್ ನೌಕರರನ್ನು ರಾತ್ರಿ ಹೊತ್ತು ಮನೆ ಸೇರಿಸಿದ್ದೂ ಅದೇ.

ಇನ್ನೂ ಗಮನಾರ್ಹವಾದುದು ನಂತರದ ನಡೆ. ಬೇಡಿಕೆ ಇರುವಾಗಲೇ ಕಂಪನಿ 2005ರಲ್ಲಿ ಕ್ವಾಲಿಸ್ ನಿಲ್ಲಿಸಿ, ಹೆಚ್ಚು ಬೆಲೆಯ ಇನ್ನೋವಾ ತಂದಿತು. ಓಡುವ ಸರಕನ್ನು ಕೈಯಾರೆ ನಿಲ್ಲಿಸುವ ಧೈರ್ಯ ವ್ಯಾಪಾರಿಗೆ ಸುಲಭವಾಗಿ ಬರುವಂಥದಲ್ಲ. ದುಂಡನೆಯ ಮೈಕಟ್ಟು, ಸುಧಾರಿತ ಡೀಸೆಲ್ ಎಂಜಿನ್, ಜಾಹೀರಾತಿನಲ್ಲಿ ಆಮೀರ್ ಖಾನ್: ಕಾರು ಪ್ರಿಯರು ಎತ್ತಿದ್ದ ಆಕ್ಷೇಪಣೆಗಳಿಗೆ ಕಂಪನಿ ತಡವಾಗಿಯಾದರೂ ಉತ್ತರ ಕೊಟ್ಟಿತ್ತು. ಆದರೆ ಹಳೆಯ ಗಿರಾಕಿಗೆ ಬೇಕಾದ ಸ್ಥಳಾವಕಾಶವನ್ನೂ ಬಾಳಿಕೆಯನ್ನೂ ಬಿಟ್ಟುಕೊಡಲಿಲ್ಲ.

ಬೆಂಗಳೂರಿನಲ್ಲೇ ಹುಟ್ಟಿದ, ಚೇತನ್ ಮೈನಿಯವರ ವಿದ್ಯುತ್ ಕಾರು ರೇವಾದ ಕಥೆ ಅಷ್ಟು ಸುಗಮವಾಗಿರಲಿಲ್ಲ. 2001ರಲ್ಲಿ ಬಿಡುಗಡೆಯಾದ ಈ ಪುಟ್ಟ ವಾಹನ ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಅಲ್ಲಿನ ವಾಹನ ವಿಮರ್ಶಕರು ಅದರ ರೂಪವನ್ನು ಹಾಸ್ಯ ಮಾಡಿದರೂ, ನಗರ ಪ್ರವೇಶದ ದಟ್ಟಣೆ ಶುಲ್ಕದಿಂದ ವಿನಾಯಿತಿ ದೊರೆಯುತ್ತಿದ್ದುದರಿಂದ ಕೊಳ್ಳುವವರಿದ್ದರು. ಕಾನೂನಿನ ಪ್ರಕಾರ ಅದು ಕಾರಲ್ಲ, ಕ್ವಾಡ್ರಿಸೈಕಲ್. ಆದ್ದರಿಂದ ಕಾರುಗಳ ಅಪಘಾತ ಪರೀಕ್ಷೆ ಅದಕ್ಕೆ ಕಡ್ಡಾಯವಾಗಿರಲಿಲ್ಲ. ವಿಮರ್ಶಕರ ಈ ಆಕ್ಷೇಪಣೆ ನಗೆಚಾಟಿಕೆಯಾಗಿರಲಿಲ್ಲ. 2010ರಲ್ಲಿ ರೇವಾದ ಬಹುಪಾಲು ಷೇರು ಮಹೀಂದ್ರ ಸಂಸ್ಥೆಯ ಕೈಸೇರಿತು.

ರೂಪದ ವಿಷಯದಲ್ಲಿ ಕಾರು ಪ್ರಿಯರ ಅಭಿಪ್ರಾಯ ಹಲವು ಸಲ ಮಾರುಕಟ್ಟೆಯಲ್ಲಿ ಸೋತಿದೆ. ಸುರಕ್ಷತೆಯ ವಿಷಯದಲ್ಲಿ ಹಾಗಾಗಲಿಲ್ಲ. ಗಿರಾಕಿ ಕೇಳುವುದು ಮೈಲೇಜನ್ನೇ ಹೊರತು ಏರ್‌ಬ್ಯಾಗನ್ನಲ್ಲ ಎಂಬುದು ಉದ್ಯಮದ ಹಳೆಯ ಸಮಜಾಯಿಷಿ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಪರೀಕ್ಷಿಸಿದ ಐದು ಜನಪ್ರಿಯ ಭಾರತೀಯ ಕಾರುಗಳಿಗೂ ವಯಸ್ಕರ ರಕ್ಷಣೆಯಲ್ಲಿ ಸೊನ್ನೆ ನಕ್ಷತ್ರ ಬಂದಿತು. ಅವುಗಳಲ್ಲಿ ಟಾಟಾ ನ್ಯಾನೋ ಕೂಡ ಒಂದು. ಅಗ್ಗದ ಕಾರೆಂಬ ಹಣೆಪಟ್ಟಿಯೇ ಅದಕ್ಕೆ ಮುಳುವಾಯಿತೆಂದು ರತನ್ ಟಾಟಾ ಅವರೇ ನಂತರ ಒಪ್ಪಿಕೊಂಡಿದ್ದರು. ಗಿರಾಕಿ ಅಗ್ಗದ ಬೆಲೆಯನ್ನು ಬಯಸುತ್ತಾನೆ, ಅಗ್ಗದ ಕಾರಿನ ಒಡೆಯನೆನಿಸಿಕೊಳ್ಳಲು ಬಯಸುವುದಿಲ್ಲ. ನ್ಯಾನೋ ತಯಾರಿಕೆ 2018ರಲ್ಲಿ ಬಹುಮಟ್ಟಿಗೆ ಸ್ಥಗಿತಗೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಕಂಪನಿಯ ನೆಕ್ಸಾನ್ ಐದು ನಕ್ಷತ್ರ ಪಡೆದಾಗ, ಜಾಹೀರಾತುಗಳಲ್ಲಿ ಆ ನಕ್ಷತ್ರಗಳೇ ಎದ್ದು ಕಂಡವು. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. 2023ರ ಅಕ್ಟೋಬರಿನಲ್ಲಿ ಭಾರತ್ ಎನ್‌ಕ್ಯಾಪ್ ಪರೀಕ್ಷಾ ವ್ಯವಸ್ಥೆಯೂ ಜಾರಿಗೆ ಬಂದಿತು. ಅದು ಕಡ್ಡಾಯವಲ್ಲ, ಆದರೂ ತಯಾರಕರು ತಾವಾಗಿಯೇ ಕಾರುಗಳನ್ನು ಪರೀಕ್ಷೆಗೆ ಒಪ್ಪಿಸುತ್ತಿದ್ದಾರೆ.